ಸೋದರಿ ಕ್ರೊಮಾಟಿಡ್‌ಗಳು ಬೆಸೆಯುವುದು ಯಾವಾಗ?

ಪ್ರಶ್ನೆ: ನಕಲಾದ ಕ್ರೋಮೋಸೋಮಿನ ಎರಡು ಪ್ರತಿಗಳನ್ನು (ಸೋದರಿ ಕ್ರೊಮಾಟಿಡ್‌ಗಳು) ಬೆಸೆಯುವ ಉಂಗುರದಂಥ ಪ್ರೋಟೀನ್ ಕೊಹೀಸಿನ್, ಡಿಎನ್‌ಎ ನಕಲಾಗುವ ಮೊದಲೇ ಕ್ರೋಮೋಸೋಮಿನ ಮೇಲಿರುತ್ತದೆ, ನಕಲಾದ ಮೇಲೂ ಹೋಗಿ ಕೂರುತ್ತದೆ. ಹಾಗಿದ್ದರೂ ಯೀಸ್ಟಿನಲ್ಲಿ ಬೆಸುಗೆ ಎಸ್ ಹಂತದಲ್ಲೇ (ಡಿಎನ್‌ಎ ನಕಲಾಗುವ ಹೊತ್ತಿನಲ್ಲೇ) ಆಗಬೇಕು ಎನ್ನುವುದೇಕೆ?
- ಎಂ.ಎಸ್ಸಿ. ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಉತ್ತರ: ಇದನ್ನು 1998ರಲ್ಲಿ ಉಲ್‌ಮನ್ ಮತ್ತು ನ್ಯಾಸ್ಮಿತ್ ನೇರವಾಗಿಯೇ ಪರೀಕ್ಷಿಸಿದರು. ಕೊಹೀಸಿನ್ ಉಂಗುರದ ಒಂದು ಭಾಗವಾದ ಎಸ್‌ಸಿಸಿ1 ಇಲ್ಲದೆಯೇ ಡಿಎನ್‌ಎ ನಕಲಾಗಲು ಬಿಟ್ಟು, ನಕಲು ಮುಗಿದ ಮೇಲಿನ ಜಿ2 ಹಂತದಲ್ಲಿ ಆ ಪ್ರೋಟೀನ್ ತಯಾರಾಗುವಂತೆ ಮಾಡಿದರು. ಅದು ಕ್ರೋಮೋಸೋಮಿನ ಮೇಲೆ ಕೂತಿತು, ಜೋಡಿ ಮಾತ್ರ ಬೆಸೆಯಲಿಲ್ಲ. ನಕಲು ಕವಲು (ಡಿಎನ್‌ಎ ಬಿಚ್ಚಿ ನಕಲಾಗುತ್ತಿರುವ ಜಾಗ) ಹಾದುಹೋಗುವ ಹೊತ್ತಿನಲ್ಲೇ ಎರಡೂ ಕ್ರೊಮಾಟಿಡ್‌ಗಳು ಉಂಗುರದೊಳಗೆ ಸೇರಬೇಕು.

ಅದಕ್ಕೆ ದಾರಿ ಎರಡು. ಮೊದಲೇ ಕೂತಿದ್ದ ಉಂಗುರಗಳನ್ನು ಬಳಸಿಕೊಳ್ಳಲು ಟಾಫ್1, ಸಿಎಸ್‌ಎಂ3, ಸಿಟಿಎಫ್4, ಸಿಎಚ್‌ಎಲ್1 ಎಂಬ ಪ್ರೋಟೀನ್‌ಗಳು ಬೇಕು. ಹೊಸ ಉಂಗುರ ಹಾಕಲು ಸಿಟಿಎಫ್18, ಎಂಆರ್‌ಸಿ1. ಹೀಗಾಗಿ ಇವುಗಳಲ್ಲಿ ಒಂದು ಜೀನ್ ಕೆಟ್ಟರೂ ಕೋಶ ಬದುಕುತ್ತದೆ. ಇಕೋ1 ಎಂಬ ಕಿಣ್ವ ಹಾಗಲ್ಲ. ಅದು ಪಿಸಿಎನ್‌ಎ ಎಂಬ ನಕಲು ಕವಲಿನ ಪ್ರೋಟೀನಿನ ಜೊತೆಗೂಡಿ, ಉಂಗುರದ ಇನ್ನೊಂದು ಭಾಗವಾದ ಎಸ್‌ಎಂಸಿ3ರ 112 ಮತ್ತು 113ನೇ ಲೈಸಿನ್‌ಗಳಿಗೆ ಅಸಿಟೈಲ್ ಗುಂಪು ಸೇರಿಸುತ್ತದೆ. ಆಗ ಉಂಗುರ ಬಿಚ್ಚುವ ಪ್ರೋಟೀನಾದ ಡಬ್ಲ್ಯೂಪಿಎಲ್1 ಅದನ್ನು ಬಿಚ್ಚಲಾರದು. ಪರೀಕ್ಷೆಯಲ್ಲಿ ಇಷ್ಟೇ ಬರೆದರೆ ಉತ್ತರ ಅರ್ಧ. ಇಕೋ1 ಜೊತೆ ಡಬ್ಲ್ಯೂಪಿಎಲ್1 ಅನ್ನೂ ತೆಗೆದುಹಾಕಿದರೆ ಕೋಶ ಬದುಕುತ್ತದೆ, ಆದರೆ ಬೆಸುಗೆ ಸರಿಹೋಗುವುದಿಲ್ಲ. ಅಂದರೆ ಅಸಿಟೈಲ್ ಗುಂಪಿಗೆ ಬೇರೆ ಕೆಲಸವೂ ಇದೆ. ನಕಲು ಮುಗಿದ ಮೇಲೆ ಇಕೋ1 ಬಹುಪಾಲು ನಾಶವಾಗುತ್ತದೆ. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಮಾತ್ರ ಜಿ2ನಲ್ಲೂ ಹೊಸ ಬೆಸುಗೆ ಆಗುತ್ತದೆ.

ಪ್ರಶ್ನೆ: ಇಕೋ1-1 ತಳಿಯನ್ನು (37 ಡಿಗ್ರಿಯಲ್ಲಿ ಇದರ ಇಕೋ1 ಕೆಲಸ ಮಾಡದು) 25 ಡಿಗ್ರಿಯಲ್ಲಿ, ಕೋಶ ವಿಭಜನೆ ತಡೆಯುವ ನೊಕೊಡಜೋಲ್ ಹಾಕಿ ನಿಲ್ಲಿಸಿ, ಆಮೇಲೆ 37 ಡಿಗ್ರಿಗೆ ಒಯ್ದೆವು. ಯುಆರ್‌ಎ3 ಜಾಗದ ಜಿಎಫ್‌ಪಿ (ಹೊಳೆಯುವ ಹಸಿರು ಪ್ರೋಟೀನ್) ಚುಕ್ಕೆ ಬೆಸುಗೆ ಇಲ್ಲದಿದ್ದರೆ ಎರಡಾಗಬೇಕು, ಆದರೆ ಹೆಚ್ಚಿನ ಕೋಶಗಳಲ್ಲಿ ಒಂದೇ ಕಾಣುತ್ತದೆ. ತಳಿಯೇ ಕೆಟ್ಟಿದೆಯೇ?
- ಸಂಶೋಧನಾ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಳಿಯನ್ನು ದೂರಬೇಡಿ, ಕ್ರಮ ತಿರುವುಮುರುವಾಗಿದೆ. ನೀವು ಬಿಸಿ ಮಾಡುವ ಹೊತ್ತಿಗೆ ನಕಲು ಮುಗಿದು ಬೆಸುಗೆ ಬಿದ್ದಾಗಿತ್ತು. ಅದನ್ನು ಕಾಯ್ದುಕೊಳ್ಳಲು ಇಕೋ1 ಬೇಕಿಲ್ಲ. ಮೊದಲು 25 ಡಿಗ್ರಿಯಲ್ಲಿ, ನಕಲು ಶುರುವಾಗುವ ಮುಂಚೆಯೇ ಕೋಶವನ್ನು ನಿಲ್ಲಿಸುವ ಆಲ್ಫಾ ಫ್ಯಾಕ್ಟರ್ ಹಾಕಿ, 90 ಶೇಕಡಾ ಕೋಶಗಳಾದರೂ ಮೊಗ್ಗಿಲ್ಲದೆ ನಿಲ್ಲುವವರೆಗೆ ಕಾಯಿರಿ. ಆಲ್ಫಾ ಫ್ಯಾಕ್ಟರ್ ಇರುವಂತೆಯೇ ಅರ್ಧ ಗಂಟೆ 37 ಡಿಗ್ರಿಯಲ್ಲಿಡಿ. ತೊಳೆಯುವ ಮಾಧ್ಯಮವೂ 37 ಡಿಗ್ರಿಯಲ್ಲೇ ಇರಲಿ. ತಣ್ಣನೆಯದರಲ್ಲಿ ತೊಳೆದರೆ ಇಕೋ1 ಚೇತರಿಸಿಕೊಳ್ಳಬಹುದು. ಆಮೇಲೆ ಮಿ.ಲೀ.ಗೆ 15 ಮೈಕ್ರೋಗ್ರಾಂ ನೊಕೊಡಜೋಲ್ ಇರುವ ವೈಪಿಡಿ ಮಾಧ್ಯಮಕ್ಕೆ ಬಿಡಿ. 20 ನಿಮಿಷಕ್ಕೊಮ್ಮೆ ಮಾದರಿ ತೆಗೆದು, ದೊಡ್ಡ ಮೊಗ್ಗಿನ 200 ಕೋಶ ಎಣಿಸಿ. ನೊಕೊಡಜೋಲ್ ಹಾಕುವುದನ್ನು ತಪ್ಪಿಸಬೇಡಿ: ಯುಆರ್‌ಎ3 ಸೆಂಟ್ರೋಮಿಯರ್‌ನಿಂದ ಸುಮಾರು 35 ಕಿಲೋಬೇಸ್ ದೂರದಲ್ಲಿದೆ, ಸೆಂಟ್ರೋಮಿಯರ್ ಹಿಡಿದು ಕ್ರೋಮೋಸೋಮನ್ನು ಎಳೆಯುವ ಕದಿರಿನ ಎಳೆತದ ಪ್ರಭಾವ ಬೇಡ. ಕೋಶದ ಡಿಎನ್‌ಎ ಅಳೆಯುವ ಫ್ಲೋ ಸೈಟೋಮೆಟ್ರಿಯಲ್ಲಿ 2ಸಿ, ಅಂದರೆ ನಕಲಾಗಿ ಇಮ್ಮಡಿಯಾದ ಡಿಎನ್‌ಎ, ಬಂದಿದೆಯೇ ನೋಡಿ; ನಕಲೇ ಆಗದ ಕೋಶದಲ್ಲೂ ಚುಕ್ಕೆ ಒಂದೇ. ಗಮನ ಹಲವು ಆಳಗಳಲ್ಲಿ ತೆಗೆದ ಚಿತ್ರಗಳ ಮೇಲಿರಲಿ, ಒಂದರ ಕೆಳಗೊಂದಿರುವ ಎರಡು ಚುಕ್ಕೆ ಒಂದೇ ಚಿತ್ರದಲ್ಲಿ ಒಂದಾಗಿಯೇ ಕಾಣುತ್ತವೆ.

ಇನ್ನೊಂದು ಮಾತು: ಏಪ್ರಿಲ್‌ನಲ್ಲಿ ನಮ್ಮ ಕಡೆ ಕೋಣೆಯ ಶಾಖವೇ 30 ದಾಟುತ್ತದೆ. ಈ ತಳಿಯನ್ನು ಮೇಜಿನ ಮೇಲೆ ಬೆಳೆಸದೆ 25 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲೇ ಇಡಿ.

ಪ್ರಶ್ನೆ: ಬೇಕರಿ ಯೀಸ್ಟಿನಲ್ಲೇ ಇದನ್ನು ಮಾಡಬಹುದೇ?
- ಓದುಗರು, ಗದಗ

ಉತ್ತರ: ಪ್ರಭೇದ ಅದೇ, ಆದರೆ ಬೇಡ. ಅಂಗಡಿಯ ಯೀಸ್ಟಿನಲ್ಲಿ ಸಾಮಾನ್ಯವಾಗಿ ಕ್ರೋಮೋಸೋಮಿನ ಪ್ರತಿಗಳು ಹಲವು. 16 ಕ್ರೋಮೋಸೋಮಿನ, ಪ್ರತಿಯೊಂದಕ್ಕೂ ಒಂದೇ ಪ್ರತಿ ಇರುವ ಹ್ಯಾಪ್ಲಾಯ್ಡ್ ಪ್ರಯೋಗಾಲಯ ತಳಿಯೇ ಬೇಕು.