ದೊಡ್ಡ ಜಮೀನಿನ ಬೇಲಿಗೆ ಎಂಥ ಕ್ಯಾಮೆರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಜಮೀನಿನ ಸುತ್ತಳತೆ ಸುಮಾರು 1,200 ಮೀಟರ್. ಮೂರು ಕಡೆ ತಂತಿ ಬೇಲಿ, ಒಂದು ಕಡೆ ಹಳ್ಳ. ಗಡಿ ಪೂರ್ತಿ ಕಾಣಬೇಕಾದರೆ ಎಷ್ಟು ಕ್ಯಾಮೆರಾ ಬೇಕು? 8 ಮೆಗಾಪಿಕ್ಸೆಲ್‌ನವು ಹಾಕಿದರೆ ಸಂಖ್ಯೆ ಅರ್ಧಕ್ಕಿಳಿಯುತ್ತದೆಯೇ?

ಉತ್ತರ: ಸಂಖ್ಯೆಯಿಂದ ಶುರು ಮಾಡಬೇಡಿ. ಯಾವ ಜಾಗದಲ್ಲಿ ಚಿತ್ರದಿಂದ ನಿಮಗೇನು ಗೊತ್ತಾಗಬೇಕು ಎಂದು ಮೊದಲು ಬರೆದುಕೊಳ್ಳಿ. ಯಾರೋ ಒಳಗೆ ಬಂದರು ಎಂದಷ್ಟೇ ತಿಳಿದರೆ ಸಾಕೇ? ಬಂದವರು ಗೊತ್ತಿದ್ದವರೇ ಎಂದು ಹೇಳಲು ಆಗಬೇಕೇ? ಅಥವಾ ಅಪರಿಚಿತನ ಮುಖವನ್ನೇ ದೂರಿನ ಜೊತೆ ಕೊಡುವಷ್ಟು ಸ್ಪಷ್ಟವಾಗಿ ಬೇಕೇ? ವಿಡಿಯೊ ಕಣ್ಗಾವಲಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ: ಅಲ್ಲಿ ಮನುಷ್ಯನಿದ್ದಾನೆ ಎನ್ನಲು ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್, ಗೊತ್ತಿದ್ದವರನ್ನು ಗುರುತು ಹಿಡಿಯಲು 125, ಗೊತ್ತಿಲ್ಲದವರ ಮುಖ ಖಚಿತಪಡಿಸಲು 250.

4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 2,560 ಪಿಕ್ಸೆಲ್. ಭಾಗಿಸಿ ನೋಡಿ. ಗುರುತು ಹಿಡಿಯುವಂತಿರಬೇಕಾದರೆ ಚಿತ್ರದೊಳಗೆ ಬರುವ ಜಾಗದ ಅಗಲ 20 ಮೀಟರ್ ದಾಟಬಾರದು, ಮುಖ ಬೇಕಾದರೆ 10 ಮೀಟರ್. 8 ಮೆಗಾಪಿಕ್ಸೆಲ್‌ನಲ್ಲಿ ಅಡ್ಡಕ್ಕೆ 3,840 ಪಿಕ್ಸೆಲ್ ಇರುವುದರಿಂದ ಇದು 30 ಮತ್ತು 15 ಮೀಟರ್ ಆಗುತ್ತದೆ. ಅಂದರೆ ಮೆಗಾಪಿಕ್ಸೆಲ್ ದುಪ್ಪಟ್ಟಾದರೂ ಸಿಗುವುದು ಒಂದೂವರೆ ಪಟ್ಟು, ಅದೂ ಹಗಲಿನಲ್ಲಿ. ಅದೇ ಅಳತೆಯ ಸೆನ್ಸರ್ (ಲೆನ್ಸಿನ ಹಿಂದೆ ಬೆಳಕನ್ನು ಚಿತ್ರವಾಗಿಸುವ ಚಿಪ್) ಮೇಲೆ ಹೆಚ್ಚು ಪಿಕ್ಸೆಲ್ ತುಂಬಿದಾಗ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆಯಾಗಿ ರಾತ್ರಿಯ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ. ಕೊಳ್ಳುವಾಗ ಮೆಗಾಪಿಕ್ಸೆಲ್‌ಗಿಂತ ಮೊದಲು ಸೆನ್ಸರ್ ಅಳತೆ ಕೇಳಿ. 1/3 ಇಂಚಿನದಕ್ಕಿಂತ 1/1.8 ಇಂಚಿನ ಸೆನ್ಸರ್ ಕತ್ತಲಲ್ಲಿ ಬಹಳ ಮೇಲು.

ಇನ್ನು 1,200 ಮೀಟರ್ ವಿಷಯ. ಕ್ಯಾಮೆರಾದ ರಾತ್ರಿ ಬೆಳಕು ಕೆಲಸಕ್ಕೆ ಬರುವಷ್ಟು ಮುಟ್ಟುವುದು 50 ಮೀಟರ್ ಎಂದುಕೊಂಡರೂ 24 ಕಂಬ, 24 ಕೇಬಲ್, 24 ಕ್ಯಾಮೆರಾ ಒರೆಸುವ ಕೆಲಸ. ಅದರ ಅಗತ್ಯ ಬಹುತೇಕ ಜಮೀನುಗಳಿಗಿಲ್ಲ. ಬೇಲಿಯುದ್ದಕ್ಕೂ ಒಮ್ಮೆ ನಡೆದು ಗೇಟು, ತಂತಿ ಸಡಿಲವಾದ ಜಾಗ, ಸವೆದ ಕಾಲುದಾರಿ, ಹೊರಗಿನ ರಸ್ತೆಯಲ್ಲಿ ವಾಹನ ನಿಲ್ಲಿಸಲು ಬರುವ ಕಡೆ, ಹಳ್ಳದಲ್ಲಿ ನೀರು ತೆಳುವಾಗಿ ದಾಟಲು ಆಗುವ ಕಡೆ, ಇವನ್ನು ನಕ್ಷೆಯಲ್ಲಿ ಗುರುತು ಮಾಡಿ. ಒಳಗೆ ಬರುವವರು ಬೇಲಿ ಹಾರಿದ ಮೇಲೂ ಮನೆಗೋ ಪಂಪ್‌ಸೆಟ್‌ಗೋ ಗೋದಾಮಿಗೋ ಹೋಗಲೇಬೇಕು. ಆ ದಾರಿಗಳು ಕೂಡುವಲ್ಲಿ ಹಾಕಿದ ಒಂದು ಕ್ಯಾಮೆರಾ ಬೇಲಿಯ ಮೇಲಿನ ನಾಲ್ಕಕ್ಕೆ ಸಮ. ಆರೇಳು ಜಾಗಗಳಿಂದ ಶುರು ಮಾಡಿ, ಎಂಟು ಅಥವಾ 16 ಚಾನೆಲ್‌ನ, ಅಂದರೆ ಅಷ್ಟು ಕ್ಯಾಮೆರಾ ಜೋಡಿಸಬಹುದಾದ, ಎನ್‌ವಿಆರ್ (ವಿಡಿಯೊ ದಾಖಲಿಸಿಡುವ ಪೆಟ್ಟಿಗೆ) ತೆಗೆದುಕೊಂಡರೆ ಆಮೇಲೆ ಸೇರಿಸಲು ಜಾಗವಿರುತ್ತದೆ.

ಪ್ರಶ್ನೆ: ಅಂಗಡಿಯವರು 2.8 ಎಂಎಂ ಲೆನ್ಸ್‌ನ ಕ್ಯಾಮೆರಾ ಕೊಟ್ಟಿದ್ದಾರೆ. ಎಲ್ಲವೂ ಕಾಣುತ್ತದೆ, ಆದರೆ 30 ಮೀಟರ್ ಆಚೆಯವರು ಯಾರೆಂದು ತಿಳಿಯುವುದಿಲ್ಲ. ಕ್ಯಾಮೆರಾ ಕೆಟ್ಟದ್ದೇ?

ಉತ್ತರ: ಕ್ಯಾಮೆರಾ ಸರಿಯಿದೆ, ಜಾಗ ತಪ್ಪು. 4 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. 30 ಮೀಟರ್ ದೂರದಲ್ಲಿ ಅದರೊಳಗೆ 70 ಮೀಟರ್ ಅಗಲದ ನೋಟ ಬಂದುಬಿಡುತ್ತದೆ. ಮೀಟರಿಗೆ 36 ಪಿಕ್ಸೆಲ್ ಉಳಿಯುತ್ತದೆ. ಅಂಗಳಕ್ಕೆ, ಗೇಟಿನ ಬುಡಕ್ಕೆ ಅದು ಒಳ್ಳೆಯದು. ಬೇಲಿಯ ಉದ್ದಕ್ಕೆ ನೋಡಲು 12 ಎಂಎಂ ಆಸುಪಾಸಿನ ಲೆನ್ಸ್ ಬೇಕು. ಅದರ ನೋಟ 25 ಡಿಗ್ರಿಯಷ್ಟು ಕಿರಿದು. 45 ಮೀಟರ್ ದೂರದಲ್ಲೂ 125 ಪಿಕ್ಸೆಲ್ ಸಿಗುತ್ತದೆ. ಯಾವುದು ಹೊಂದುತ್ತದೆಂದು ಮೊದಲೇ ಗೊತ್ತಾಗದಿದ್ದರೆ 2.8ರಿಂದ 12 ಎಂಎಂವರೆಗೆ ಬದಲಿಸಬಹುದಾದ ವ್ಯಾರಿಫೋಕಲ್ ಲೆನ್ಸ್ ತೆಗೆದುಕೊಳ್ಳಿ.

ಕಿರಿದಾದ ಲೆನ್ಸಿಗೆ ಒಂದು ದೊಡ್ಡ ದೋಷವಿದೆ: ತನ್ನ ಕಾಲಬುಡ ಅದಕ್ಕೆ ಕಾಣುವುದಿಲ್ಲ. ಮೂರೂವರೆ ಮೀಟರ್ ಎತ್ತರದಲ್ಲಿ 12 ಎಂಎಂ ಕ್ಯಾಮೆರಾವನ್ನು 45 ಮೀಟರ್ ಆಚೆಗೆ ಗುರಿಯಿಟ್ಟರೆ ಮೊದಲ 17 ಮೀಟರ್ ನೆಲ ಚಿತ್ರದಲ್ಲೇ ಇರುವುದಿಲ್ಲ. ಕಂಬದ ಹಿಂದಿನಿಂದ ಬಂದು ಕ್ಯಾಮೆರಾ ತಿರುಗಿಸುವವನು ಅದಕ್ಕೇ ಸಿಗುವುದಿಲ್ಲ. ಆದ್ದರಿಂದ ಒಂದರ ಕಂಬದ ಬುಡ ಮುಂದಿನದರ ನೋಟದೊಳಗೆ ಬರುವಂತೆ ಸಾಲಾಗಿ ಜೋಡಿಸಬೇಕು. ಎತ್ತರ ಮೂರರಿಂದ ಮೂರೂವರೆ ಮೀಟರ್ ಸಾಕು; ಆರು ಮೀಟರ್ ಮೇಲೇರಿಸಿದರೆ ಹತ್ತಿರ ಬಂದವರ ಮುಖದ ಬದಲು ತಲೆ, ಟೋಪಿ ಸಿಗುತ್ತದೆ. ಕಂಬಕ್ಕೆ ತೆಳು ಪೈಪ್ ಬಳಸಬೇಡಿ. ಗಾಳಿಗೆ ಕಂಬ ಸ್ವಲ್ಪ ಅಲುಗಿದರೂ ಕಿರಿದಾದ ಲೆನ್ಸಿನಲ್ಲಿ ಇಡೀ ಚಿತ್ರ ಕುಣಿಯುತ್ತದೆ. ಸಾಧ್ಯವಾದಷ್ಟು ನೇರ ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿಸಬೇಡಿ. ಬೇರೆ ದಾರಿಯಿಲ್ಲದಿದ್ದರೆ 120 ಡಿಬಿ ಡಬ್ಲ್ಯುಡಿಆರ್ (ಪ್ರಖರ ಬೆಳಕು, ನೆರಳು ಎರಡನ್ನೂ ಒಟ್ಟಿಗೆ ತೋರಿಸುವ ಸೌಲಭ್ಯ) ಇರುವುದನ್ನು ಕೊಂಡು, ಆಕಾಶ ಚಿತ್ರದಿಂದ ಹೊರಗುಳಿಯುವಂತೆ ಕೆಳಕ್ಕೆ ಬಾಗಿಸಿ.

ತಿರುಗುವ ಪಿಟಿಝಡ್ ಒಂದೇ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಅದು ಉತ್ತರಕ್ಕೆ ನೋಡುತ್ತಿರುವಾಗ ದಕ್ಷಿಣದಲ್ಲಿ ನಡೆದದ್ದು ಎಲ್ಲೂ ದಾಖಲಾಗುವುದಿಲ್ಲ. ಸ್ಥಿರ ಕ್ಯಾಮೆರಾಗಳ ಜೊತೆಗಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಪ್ರಶ್ನೆ: ಹಗಲು ಚಿತ್ರ ಗಾಜಿನಂತಿದೆ. ರಾತ್ರಿ ಮಾತ್ರ ಬೆಳ್ಳಗೆ ಮಂಜು ಮುಚ್ಚಿದಂತೆ. ನಡೆಯುವವರು ಹೊಗೆಯಂತೆ ಅಳಿಸಿಹೋಗುತ್ತಾರೆ.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಬಿಳಿ ಮಂಜಿಗೆ ಕಾರಣ ಕ್ಯಾಮೆರಾದ ಒಳಗೇ ಇರುವ ಇನ್‌ಫ್ರಾರೆಡ್ ದೀಪ. ಅದರ ಬೆಳಕು ಲೆನ್ಸಿನ ಮುಂದಿರುವ ಜೇಡರ ಬಲೆ, ಹುಳು, ಮಳೆಹನಿ, ಹತ್ತಿರದ ಗೋಡೆ ಅಥವಾ ಸೂರಿನ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಹುಳು ಬಂದಲ್ಲಿ ಜೇಡವೂ ಬರುತ್ತದೆ. ಮೆತ್ತನೆಯ ಬ್ರಷ್‌ನಿಂದ ಆಗಾಗ ಬಲೆ ತೆಗೆಯಿರಿ. ಶಾಶ್ವತ ಪರಿಹಾರ ಬೇಕೆಂದರೆ ಒಳಗಿನ ದೀಪ ಆರಿಸಿ, ಒಂದೆರಡು ಮೀಟರ್ ಪಕ್ಕಕ್ಕೆ ಬೇರೆಯದೇ ಇನ್‌ಫ್ರಾರೆಡ್ ದೀಪ ಹಾಕಿ. ದೀಪದ ಕೋನ ಲೆನ್ಸಿನ ಕೋನಕ್ಕೆ ಹೊಂದಬೇಕು. 25 ಡಿಗ್ರಿ ಲೆನ್ಸಿಗೆ 90 ಡಿಗ್ರಿ ದೀಪ ಹಾಕಿದರೆ ಬಹುಪಾಲು ಬೆಳಕು ಚಿತ್ರದ ಹೊರಗೆ ಬಿದ್ದು ವ್ಯರ್ಥವಾಗುತ್ತದೆ. 850 ನ್ಯಾನೊಮೀಟರ್ ದೀಪ ಹತ್ತಿರದಿಂದ ನಸುಗೆಂಪಾಗಿ ಕಾಣುತ್ತದೆ, ಆದರೆ ದೂರ ಮುಟ್ಟುತ್ತದೆ. 940 ಕಣ್ಣಿಗೆ ಕಾಣುವುದಿಲ್ಲ, ಅಷ್ಟು ದೂರವೂ ಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ 80 ಮೀಟರ್ ಎಂದು ಬರೆದಿದ್ದರೆ ಏನೋ ಇದೆ ಎಂದು ಕಾಣುವ ದೂರವದು. ಮುಖ ಸಿಗುವುದು ಅದರ ಅರ್ಧಕ್ಕೂ ಒಳಗೆ.

ಹೊಗೆಯಂತೆ ಅಳಿಸುವುದು ಶಟರ್ ದೋಷ, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಅವಧಿಯದು. ಬೆಳಕು ಸಾಲದಾಗ ಕ್ಯಾಮೆರಾ ತಾನಾಗಿ ಶಟರನ್ನು 1/12 ಸೆಕೆಂಡಿನಷ್ಟು ನಿಧಾನ ಮಾಡಿಕೊಂಡು ನಿಂತ ದೃಶ್ಯವನ್ನು ಚೆಂದ ತೋರಿಸುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಅಡ್ಡ ಹಾಯುವವನು ಅಷ್ಟರಲ್ಲಿ 12 ಸೆಂಟಿಮೀಟರ್ ಸರಿದಿರುತ್ತಾನೆ, ಹೆಚ್ಚುಕಡಿಮೆ ಒಂದು ಮುಖದ ಅಗಲ. ಸೆಟ್ಟಿಂಗ್‌ನಲ್ಲಿ ಶಟರ್ ಮಿತಿಯನ್ನು 1/50ಕ್ಕೆ ಕಟ್ಟಿಹಾಕಿದರೆ ಸರಿತ 3 ಸೆಂಟಿಮೀಟರಿಗೆ ಇಳಿಯುತ್ತದೆ. ಚಿತ್ರ ಕಪ್ಪಾಗುತ್ತದೆ ನಿಜ. ಆ ಕೊರತೆಯನ್ನು ದೀಪ ಹೆಚ್ಚಿಸಿ ತುಂಬಬೇಕು. ವಾಹನದ ನಂಬರ್ ಪ್ಲೇಟ್ ಬೇಕಿದ್ದರೆ ಆ ಕೆಲಸಕ್ಕೇ ಒಂದು ಕ್ಯಾಮೆರಾ ಮೀಸಲಿಟ್ಟು 1/500 ಅಥವಾ ಇನ್ನೂ ಚುರುಕಾದ ಶಟರ್ ಇಡಿ.

ಪ್ರಶ್ನೆ: ರಾತ್ರಿಯಿಡೀ ಮೊಬೈಲಿಗೆ ಎಚ್ಚರಿಕೆ ಬರುತ್ತಲೇ ಇರುತ್ತದೆ. ಹುಲ್ಲು ಅಲುಗಿದರೂ ಬರುತ್ತದೆ. ಕೊನೆಗೆ ಆಫ್ ಮಾಡಿಟ್ಟಿದ್ದೇವೆ.

ಉತ್ತರ: ಬರೀ ಚಲನೆ ಗುರುತಿಸುವ ಮೋಷನ್ ಡಿಟೆಕ್ಷನ್ ಬಯಲಿಗೆ ಹೇಳಿದ್ದಲ್ಲ, ಅದನ್ನು ನಿಲ್ಲಿಸಿ. ಮನುಷ್ಯ ಮತ್ತು ವಾಹನವನ್ನು ಬೇರ್ಪಡಿಸಿ, ಎಳೆದ ಗೆರೆ ದಾಟಿದಾಗ ಮಾತ್ರ ಎಚ್ಚರಿಸುವ ಸೌಲಭ್ಯವಿರುವ ಕ್ಯಾಮೆರಾ ಬಳಸಿ. ಗೆರೆಯನ್ನು ಬೇಲಿಯ ತಂತಿಯ ಮೇಲೆ ಎಳೆಯಬೇಡಿ. ಬೇಲಿಯಿಂದ ಒಂದೆರಡು ಮೀಟರ್ ಒಳಗೆ, ನೆಲದ ಮೇಲೆ ಕಾಲು ಊರುವ ಜಾಗದಲ್ಲಿ ಎಳೆಯಿರಿ. ತಂತಿಯ ಮೇಲಿದ್ದರೆ ಬೇಲಿಯಾಚೆ ಹಾದುಹೋಗುವವರ ತಲೆಯೂ ಗೆರೆ ದಾಟಿದಂತೆ ಕಾಣುತ್ತದೆ. ಆ ಪಟ್ಟಿಯಲ್ಲಿ ಹುಲ್ಲು ಕತ್ತರಿಸಿಡಿ. ಆಮೇಲೆ ಕತ್ತಲಾದ ಮೇಲೆ ಒಬ್ಬರು ನಿಂತು, ಬಾಗಿ, ತೆವಳಿ ಮೂರು ಬಗೆಯಲ್ಲಿ ದಾಟಿ ಪರೀಕ್ಷಿಸಬೇಕು. ಹಗಲಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ಕೂರಬೇಡಿ.

ಉದ್ದನೆಯ ನೇರ ಬೇಲಿಗೆ ಶಾಖ ಕಾಣುವ ಥರ್ಮಲ್ ಕ್ಯಾಮೆರಾ ಬಹಳ ನಂಬಿಕಸ್ಥ. ಅದಕ್ಕೆ ಬೆಳಕೇ ಬೇಡ. ಆದರೆ ಮುಖ ತೋರಿಸುವುದಿಲ್ಲ, ಹಾಗಾಗಿ ಪಕ್ಕದಲ್ಲೊಂದು ಮಾಮೂಲಿ ಕ್ಯಾಮೆರಾ ಇರಲೇಬೇಕು. ಬಿಸಿಲಿಗೆ ನೆಲ ಮೈಶಾಖದಷ್ಟೇ ಕಾದ ಹೊತ್ತಿನಲ್ಲಿ ಅದೂ ತಡವರಿಸುತ್ತದೆ.

ಪ್ರಶ್ನೆ: ಮನೆಯಿಂದ 600 ಮೀಟರ್ ದೂರದ ಮೂಲೆಯಲ್ಲಿ ಕರೆಂಟ್ ಇಲ್ಲ. ಬ್ಯಾಟರಿಯ ವೈಫೈ ಕ್ಯಾಮೆರಾ ಸಾಕೇ?

ಉತ್ತರ: 600 ಮೀಟರಿಗೆ ಮನೆಯ ವೈಫೈ ಮುಟ್ಟುವುದಿಲ್ಲ. ಅಲ್ಲದೆ ಬ್ಯಾಟರಿ ಕ್ಯಾಮೆರಾಗಳು ನಿದ್ದೆಯಲ್ಲಿರುತ್ತವೆ. ಶಾಖ ಸರಿದಾಡಿದಾಗ ಪಿಐಆರ್ ಸೆನ್ಸರ್ ಎಬ್ಬಿಸಬೇಕು. ಎದ್ದು ದಾಖಲಿಸುವಷ್ಟರಲ್ಲಿ ಚುರುಕಾಗಿ ನಡೆದವನ ಬೆನ್ನು ಮಾತ್ರ ಸಿಗುತ್ತದೆ. ಪಿಐಆರ್‌ಗೆ ಅಡ್ಡ ಹಾಯುವವರು ಚೆನ್ನಾಗಿ ಸಿಗುತ್ತಾರೆ, ನೇರ ಎದುರು ಬರುವವರು ತಪ್ಪಿಹೋಗುತ್ತಾರೆ. ಒಂದು ಕಾಲುದಾರಿಗೆ ಅಡ್ಡಲಾಗಿ ಕಟ್ಟಲು ಅದು ಪರವಾಗಿಲ್ಲ.

ಸರಿಯಾಗಿ ಮಾಡುವುದಾದರೆ ಕರೆಂಟ್ ಮತ್ತು ಸಂಪರ್ಕ ಎರಡನ್ನೂ ಬೇರೆಬೇರೆಯಾಗಿ ಯೋಚಿಸಿ. ನೆಟ್‌ವರ್ಕ್ ಕೇಬಲಿಗೆ ಮಿತಿ 100 ಮೀಟರ್. ಮನೆಯಿಂದ 12 ವೋಲ್ಟ್ ತಂತಿ ಎಳೆಯುವ ಆಸೆ ಬಿಡಿ: 1.5 ಚದರ ಮಿಲಿಮೀಟರ್ ತಾಮ್ರದ ಜೋಡಿ ತಂತಿಗೆ ಹೋಗಿ ಬರುವ 1,200 ಮೀಟರಿನಲ್ಲಿ 14 ಓಮ್ ರೋಧ, 0.8 ಆಂಪಿಯರ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಮುಗಿಯುತ್ತದೆ. ಅಲ್ಲಿಗೆ ಸೋಲಾರ್ ಸೂಕ್ತ. ಕ್ಯಾಮೆರಾ 6 ವಾಟ್, ವೈರ್‌ಲೆಸ್ ರೇಡಿಯೊ 4 ವಾಟ್ ಹಿಡಿದರೆ ದಿನಕ್ಕೆ 240 ವಾಟ್‌ಅವರ್. ಮೂರು ದಿನ ಮೋಡವಿದ್ದರೂ ನಡೆಯಲು 720. ಬ್ಯಾಟರಿಯ 80 ಶೇಕಡಾ ಮಾತ್ರ ಬಳಸುವ ಲೆಕ್ಕದಲ್ಲಿ 900. ಅಂದರೆ 12.8 ವೋಲ್ಟಿನ 75ರಿಂದ 80 ಆಂಪಿಯರ್‌ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಬಿಸಿಲು ಮತ್ತು 30 ಶೇಕಡಾ ನಷ್ಟ ಹಿಡಿದರೆ ಪ್ಯಾನಲ್ 86 ವಾಟ್ ಬರುತ್ತದೆ, ಆದರೆ ಖಾಲಿಯಾದ ಬ್ಯಾಟರಿ ಮತ್ತೆ ತುಂಬಬೇಕಲ್ಲ, 150ರಿಂದ 200 ವಾಟ್ ಹಾಕಿ.

ಸಂಪರ್ಕಕ್ಕೆ 5 ಗಿಗಾಹರ್ಟ್ಸ್‌ನ ಪಾಯಿಂಟ್ ಟು ಪಾಯಿಂಟ್ ರೇಡಿಯೊ ಜೋಡಿ. ಎರಡು ತುದಿ ಪರಸ್ಪರ ಕಂಡರಷ್ಟೇ ಸಾಲದು. 600 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಆ ನೇರ ರೇಖೆಯ ಸುತ್ತ ಒಂದೂಮುಕ್ಕಾಲು ಮೀಟರ್ ಜಾಗ ಖಾಲಿಯಿರಬೇಕು. ಎಲೆ ಉದುರಿದ ಕಾಲದಲ್ಲಿ ಕಟ್ಟಿದ್ದು ಮರ ಚಿಗುರಿ ಮಳೆಗೆ ನೆನೆದಾಗ ಕಡಿದುಹೋಗುವುದು ಇದರಿಂದಲೇ. ಕಾಲುವೆ ತೋಡಲು ಆಗುವುದಾದರೆ ಫೈಬರ್ ಎಳೆಯುವುದು ಮೇಲು. ಲೋಹವಿಲ್ಲದ ಫೈಬರ್ ಕೇಬಲ್ ಆರಿಸಿದರೆ ಮಿಂಚಿನ ಹೊಡೆತ ಅದರ ಮೂಲಕ ಮನೆಯೊಳಗೆ ಬರುವುದಿಲ್ಲ. ತಾಮ್ರದ ಕೇಬಲ್ ಹೊರಗೆ ಓಡಿರುವ ಕಡೆಯೆಲ್ಲ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ತನೆ ಏರಿದಾಗ ಉಪಕರಣ ಕಾಯುವ ಸಾಧನ), ಅದಕ್ಕೆ ಸರಿಯಾದ ಅರ್ಥಿಂಗ್ ಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಬೇಡವೇ ಬೇಡ. ಉದ್ದ ಓಟದಲ್ಲಿ ವೋಲ್ಟೇಜ್ ಕುಸಿದು, ಕತ್ತಲಾಗಿ ದೀಪ ಹತ್ತಿದೊಡನೆ ಕ್ಯಾಮೆರಾ ಆರಿ ಮತ್ತೆ ಶುರುವಾಗುವ ರೋಗಕ್ಕೆ ಮೂಲ ಹೆಚ್ಚಾಗಿ ಅದೇ.

ಪ್ರಶ್ನೆ: ಒಂದು ತಿಂಗಳ ದಾಖಲೆಗೆ ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಬೇಕು?

ಉತ್ತರ: ಸೆಕೆಂಡಿಗೆ 4 ಮೆಗಾಬಿಟ್ ಹರಿವಿನ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ತುಂಬುತ್ತದೆ. ಆರು ಕ್ಯಾಮೆರಾಗೆ 30 ದಿನಕ್ಕೆ 7.8 ಟಿಬಿ, ಆದ್ದರಿಂದ 10 ಟಿಬಿ. ಕಣ್ಗಾವಲಿಗೆಂದೇ ಮಾಡಿದ ಡಿಸ್ಕ್ ಹಾಕಿ. ಎನ್‌ವಿಆರ್ ಅನ್ನೇ ಕಳ್ಳರು ಹೊತ್ತೊಯ್ಯುವುದುಂಟು. ಗೇಟಿನ ಕ್ಯಾಮೆರಾದೊಳಗೆ ಹೈ ಎಂಡ್ಯೂರೆನ್ಸ್ (ಸತತ ದಾಖಲೆಗೆ ಬಾಳುವ) ಮೆಮೊರಿ ಕಾರ್ಡ್ ಹಾಕಿದ್ದರೆ ರೇಡಿಯೊ ಕಡಿದಾಗಲೂ ಅಲ್ಲಿ ದಾಖಲೆ ಉಳಿಯುತ್ತದೆ. ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದೇ ಎನ್‌ಟಿಪಿ ಸರ್ವರ್ (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ಕಂಪ್ಯೂಟರ್) ನೋಡುತ್ತಿರಲಿ, ಇಲ್ಲವಾದರೆ ಒಂದರಲ್ಲಿ ಬಂದವನು ಇನ್ನೊಂದರಲ್ಲಿ ಬರುವ ಮೊದಲೇ ಹೋಗಿರುತ್ತಾನೆ.

ಪ್ರಶ್ನೆ: ಪಕ್ಕದ ಜಮೀನಿನವರ ಮನೆಯ ಬಾಗಿಲು ನಮ್ಮ ಚಿತ್ರದಲ್ಲಿ ಬರುತ್ತಿದೆ. ಅವರು ಆಕ್ಷೇಪಿಸಿದ್ದಾರೆ.

ಉತ್ತರ: ಅವರ ಮಾತು ನ್ಯಾಯ. ಮೊದಲು ಕ್ಯಾಮೆರಾ ತಿರುಗಿಸಿ ನೋಡಿ. ಆಗದಿದ್ದರೆ ಪ್ರೈವೆಸಿ ಮಾಸ್ಕ್ ಸೆಟ್ಟಿಂಗ್‌ನಲ್ಲಿ ಆ ಭಾಗಕ್ಕೆ ಕಪ್ಪು ಚೌಕ ಹಾಕಿ, ಅದು ಮೊಬೈಲ್ ಪರದೆಯಲ್ಲಷ್ಟೇ ಅಲ್ಲ, ದಾಖಲಾದ ವಿಡಿಯೊದಲ್ಲೂ ಮುಚ್ಚಿದೆಯೇ ಎಂದು ತೆರೆದು ಅವರಿಗೇ ತೋರಿಸಿ. ಮೈಕ್ ಇದ್ದರೆ ಅದನ್ನೂ ಆಫ್ ಮಾಡಿ. ದನಿ ದಾಖಲಿಸುವುದಕ್ಕೆ ಹಲವು ಕಡೆ ಚಿತ್ರಕ್ಕಿಂತ ಬಿಗಿಯಾದ ಕಾನೂನಿದೆ.