ಕಾರು ಗಂಟೆಗೆ 90 ಕಿ.ಮೀ. ದಾಟಿದಾಗ, ಬ್ರೇಕ್ ಒತ್ತಿದರೆ ಮಾತ್ರ ಸ್ಟೀರಿಂಗ್ ನಡುಗಿದರೆ

ಬಹುಪಾಲು ಮುಂದಿನ ಬ್ರೇಕ್ ಡಿಸ್ಕ್‌ಗಳದ್ದೇ (ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡ್ ಒತ್ತಿ ಹಿಡಿಯುವ ಲೋಹದ ತಟ್ಟೆ) ತೊಂದರೆ. ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದರೆ ಈ ನಡುಕ ಹೋಗುವುದಿಲ್ಲ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ಬ್ರೇಕ್ ಮುಟ್ಟದಿದ್ದರೂ ನಡುಗುತ್ತಿತ್ತು. ‘ಡಿಸ್ಕ್ ಬೆಂಡ್ ಆಗಿದೆ’ ಅನ್ನುತ್ತಾರೆ, ಆದರೆ ಅದು ನಿಜಕ್ಕೂ ಬಾಗಿರುವುದು ಅಪರೂಪ. ಸುತ್ತಲೂ ದಪ್ಪ ಒಂದೇ ಸಮ ಇರುವುದಿಲ್ಲ, ಇಲ್ಲವೇ ಪ್ಯಾಡಿನ ಪದರ ಅಲ್ಲಲ್ಲಿ ಅಂಟಿಕೊಂಡಿರುತ್ತದೆ.

ಮೊದಲು ವೀಲ್ ನಟ್‌ಗಳನ್ನು ಸಡಿಲಿಸಿ, ಟಾರ್ಕ್ ವ್ರೆಂಚ್‌ನಿಂದ (ಎಷ್ಟು ಬಿಗಿಯಾಯಿತು ಎಂದು ತೋರಿಸುವ ಸ್ಪ್ಯಾನರ್) ಎದುರುಬದುರಾಗಿ ಮತ್ತೆ ಬಿಗಿ ಮಾಡಿ. ಎಷ್ಟು ಟಾರ್ಕ್, ಅಂದರೆ ಎಷ್ಟು ಬಿಗಿ ಅನ್ನೋದು ಕೈಪಿಡಿಯಲ್ಲಿರುತ್ತದೆ. ಏರ್ ಗನ್ನಿನಲ್ಲಿ ಒಂದೊಂದು ನಟ್ಟನ್ನು ಒಂದೊಂದು ರೀತಿ ಬಿಗಿದರೂ ಈ ನಡುಕ ಬರಬಹುದು.

ಹೋಗದಿದ್ದರೆ ಡಿಸ್ಕ್ ಬಿಚ್ಚಿಸಿ, ಹಬ್‌ಗೆ (ಚಕ್ರ, ಡಿಸ್ಕ್ ಎರಡೂ ಕೂರುವ ನಡುಭಾಗ) ತಾಗಿ ಕೂರುವ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿಸಿ. ಈ ಕೆಲಸವನ್ನು ಬಿಟ್ಟು ಹೊಸ ಡಿಸ್ಕ್ ಹಾಕಿದರೆ ಕೆಲವು ಸಾವಿರ ಕಿಲೋಮೀಟರಿಗೇ ನಡುಕ ವಾಪಸ್. ಮತ್ತೆ ಕೂರಿಸಿ, ಓಲಾಟ ಅಳೆಯುವ ಡಯಲ್ ಗೇಜ್ ಹಿಡಿಸಿ: ತಿರುಗುವಾಗ ಡಿಸ್ಕಿನ ಓಲಾಟ ಸುಮಾರು 0.05 ಮಿ.ಮೀ. ದಾಟಿದರೆ ಅನುಮಾನ. ದಪ್ಪವನ್ನು ಏಳೆಂಟು ಕಡೆ ಮೈಕ್ರೋಮೀಟರಿನಲ್ಲಿ ಅಳೆಸಿ. ಡಿಸ್ಕ್ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆಯಾಗದಂತೆ ಲೇತ್ ಯಂತ್ರದಲ್ಲಿ ಸವರಿ ಸಮ ಮಾಡಿಸಲು ಸಾಧ್ಯವಾದರೆ ಸರಿ, ಇಲ್ಲದಿದ್ದರೆ ಎರಡೂ ಬದಿಯ ಡಿಸ್ಕ್ ಬದಲಿಸಿ.

ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಕೈಯಲ್ಲಿ ಸಲೀಸಾಗಿ ಜಾರಬೇಕು, ಅದನ್ನೂ ನೋಡಿಸಿ.

ಒಂದು ಅನುಮಾನ ಉಳಿಯುತ್ತದೆ: ಚಕ್ರವನ್ನು ಗಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಸವೆದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. ಸ್ಟೀರಿಂಗ್ ಬದಲು ಸೀಟು ನಡುಗುತ್ತಿದ್ದರೆ ಹಿಂದಿನ ಬ್ರೇಕ್ ನೋಡಿಸಿ. ರಿಪೇರಿ ಆಗುವವರೆಗೆ ವೇಗ ತಗ್ಗಿಸಿ. ಪೆಡಲ್ ಆಳಕ್ಕೆ ಇಳಿದರೆ ಅಥವಾ ಗಾಡಿ ಒಂದು ಬದಿಗೆ ಎಳೆದರೆ ಓಡಿಸಲೇಬೇಡಿ.