ಇಬ್ಬರೇ ಇರುವ ಮನೆಯಲ್ಲಿ ದಿನಸಿ, ತರಕಾರಿಯ ಖರ್ಚನ್ನು ತಗ್ಗಿಸುವುದು ಹೇಗೆ?

ಮೂರು ಹೊತ್ತೂ ಮನೆಯಲ್ಲೇ ಅಡುಗೆ ಮಾಡಿಕೊಂಡರೂ ಬೆಂಗಳೂರಿನಲ್ಲಿ ಇಬ್ಬರ ದಿನಸಿ ಖರ್ಚು ಹತೋಟಿಗೆ ಬರುತ್ತಿಲ್ಲವೆಂದು ಬರೆದಿದ್ದೀರಿ. ಎಲ್ಲವನ್ನೂ ಸಗಟು ಮಾರುಕಟ್ಟೆಯಿಂದಲೇ ತಂದರೆ ಉಳಿತಾಯವಾದೀತೇ ಎಂದೂ ಕೇಳಿದ್ದೀರಿ. ನಮ್ಮ ಮನೆಯಲ್ಲಿಯೂ ಇರುವುದು ಇಬ್ಬರೇ. ನಾಲ್ಕೈದು ಜನರ ಸಂಸಾರಕ್ಕೆ ಹೊಂದುವ ಅಳತೆಯಲ್ಲಿ ಇಬ್ಬರು ಖರೀದಿ ಮಾಡುವುದರಿಂದಲೇ ಹೆಚ್ಚಿನ ಹಣ ಪೋಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಗ್ಗವೆಂದು ತಂದ ಎರಡು ಕಿಲೋ ಬೀನ್ಸಿನಲ್ಲಿ ಮುಕ್ಕಾಲು ಕಿಲೋ ಬಾಡಿ ಕಸಕ್ಕೆ ಹೋದರೆ, ಉಳಿದದ್ದರ ಬೆಲೆ ಬೀದಿಯ ಅಂಗಡಿಯ ಬೆಲೆಗಿಂತ ಮೇಲೇ ಆಗಿರುತ್ತದೆ.

ಆದ್ದರಿಂದ ಸಗಟು ಖರೀದಿಯನ್ನು ಕೆಡದ ಪದಾರ್ಥಗಳಿಗೆ ಮಾತ್ರ, ಅದೂ ಅವುಗಳ ಕಾಲದಲ್ಲಿ ಮಾತ್ರ ಇಟ್ಟುಕೊಳ್ಳಿ. ಕಲಬುರಗಿಯ ಕಡೆಯ ಹೊಸ ತೊಗರಿ ಡಿಸೆಂಬರ್, ಜನವರಿಯ ಹೊತ್ತಿಗೆ ಬರಲಾರಂಭಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯೂ ಹೊಸ ಹುಣಸೆಹಣ್ಣೂ ಯುಗಾದಿಗೆ ಮುಂಚಿನ ತಿಂಗಳುಗಳಲ್ಲಿ ಸಿಗುತ್ತವೆ. ಆಗ ಕೊಂಡು, ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕಿ ಗರಿಗರಿಯಾಗಿಸಿ, ಹುಣಸೆಹಣ್ಣಿನ ಬೀಜ ನಾರು ತೆಗೆದು ಕಲ್ಲುಪ್ಪಿನೊಂದಿಗೆ ಜಾಡಿಯಲ್ಲಿ ಒತ್ತಿಟ್ಟರೆ ವರ್ಷವಿಡೀ ಅವುಗಳ ಚಿಂತೆಯಿರುವುದಿಲ್ಲ. ತೊಗರಿಬೇಳೆಗೆ ತುಸು ಹರಳೆಣ್ಣೆ ಸವರಿ ಬಿಸಿಲು ತೋರಿಸಿಟ್ಟರೆ ಹುಳು ಬೀಳದೆ ಬಹುಕಾಲ ನಿಲ್ಲುತ್ತದೆ. ರಾಗಿಯನ್ನು ಕಾಳಾಗಿಯೇ ಕೊಂಡು, ಎರಡೆರಡು ಕಿಲೋ ಮಾತ್ರ ಗಿರಣಿಗೆ ಕೊಡುವುದು ಲೇಸು. ಕಾಳು ವರ್ಷಗಟ್ಟಲೆ ಬಾಳುತ್ತದೆ, ಹಿಟ್ಟು ಬಾಳುವುದಿಲ್ಲ.

ಅಕ್ಕಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ 5ರ ಜಿಎಸ್‌ಟಿ ಬಂದ ಮೇಲೆಯೇ ಅಂಗಡಿಗಳಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡವು. ದಿನಕ್ಕೆ 300 ಗ್ರಾಂ ಬೇಯಿಸುವ ಇಬ್ಬರಿಗೆ ಅಂಥ ಚೀಲ ಹೆಚ್ಚುಕಡಿಮೆ ಮೂರು ತಿಂಗಳು ಬರುತ್ತದೆ, ಮಳೆಗಾಲದಲ್ಲಿ ಅಷ್ಟರೊಳಗೆ ಹುಳು ಸೇರುವುದೂ ಉಂಟು. ನೆರೆಯವರೊಂದಿಗೆ ಒಂದು ಚೀಲವನ್ನು ಹಂಚಿಕೊಳ್ಳಿ, ಇಲ್ಲವೇ ಬಿಡಿಯಾಗಿ ತೂಗಿ ಕೊಡುವ ದಿನಸಿ ಅಂಗಡಿಗೆ ಹೋಗಿ. ಬಿಡಿ ಅಕ್ಕಿಬೇಳೆಗೆ ಆ ತೆರಿಗೆಯಿಲ್ಲ.

ತರಕಾರಿಯನ್ನು ಕಾಲು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ, ವಾರಕ್ಕೆ ಎರಡು ಸಲ ತನ್ನಿ. ದರದ ಪಟ್ಟಿ ತೂಗುಹಾಕಿ ಬಿಡಿಯಾಗಿ ತೂಗಿ ಕೊಡುವ ಹಾಪ್‌ಕಾಮ್ಸ್ ಮಳಿಗೆ ಹತ್ತಿರವಿದ್ದರೆ ಅನುಕೂಲ. ತಳ್ಳುಗಾಡಿಯವರೂ ಕಾಲು ಕಿಲೋ ಕೊಡಲು ಬೇಸರಿಸುವುದಿಲ್ಲ. (ಅವರೆಕಾಯಿಯ ಕಾಲದಲ್ಲಿ ಮಾತ್ರ ನಾನು ಈ ಶಿಸ್ತನ್ನು ಪಾಲಿಸುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.)

ಇನ್ನು ಅಡುಗೆಯಲ್ಲಿಯೇ ಆಗುವ ಉಳಿತಾಯ. ಒಂದು ಸಲ ಒಲೆ ಹಚ್ಚಿದ್ದಕ್ಕೆ ಎರಡು ಪದಾರ್ಥ ದೊರೆಯುವ ಅಡುಗೆಗಳನ್ನು ಆರಿಸಿಕೊಳ್ಳುವುದು ಇಬ್ಬರ ಮನೆಗೆ ಬಹಳ ಹಿಡಿಸುತ್ತದೆ, ಅದಕ್ಕೆ ಬಸ್ಸಾರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. ಒಂದು ಲೋಟ ಅಲಸಂದೆ ಅಥವಾ ಹೆಸರುಕಾಳನ್ನು ಮುಕ್ಕಾಲು ಬೇಯಿಸಿ, ಒಂದು ಕಟ್ಟು ದಂಟಿನ ಸೊಪ್ಪನ್ನು ಎಳೆಯ ದಂಟಿನೊಂದಿಗೇ ಹೆಚ್ಚಿ ಹಾಕಿ, ಉಪ್ಪು ಸೇರಿಸಿ ಬೇಯಿಸಿದ ಮೇಲೆ ಕಟ್ಟನ್ನು, ಅಂದರೆ ಬೆಂದ ನೀರನ್ನು, ಬಸಿದುಕೊಳ್ಳಬೇಕು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಹುಣಸೆಹಣ್ಣು ಮತ್ತು ಸ್ವಲ್ಪ ಕಾಯಿತುರಿಯ ಜೊತೆಗೆ ಬೆಂದ ಸೊಪ್ಪುಕಾಳಿನಿಂದಲೇ ಒಂದು ಸೌಟು ತೆಗೆದು ರುಬ್ಬಿ, ಬಸಿದ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಯಿತು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ರುಬ್ಬುವಾಗ ಹಾಕುವ ಆ ಒಂದು ಸೌಟು ಸಾರನ್ನು ಮಂದಗೊಳಿಸುವುದರಿಂದ ಕಾಯಿ ಕಡಿಮೆ ಸಾಕಾಗುತ್ತದೆ, ತೆಂಗಿನಕಾಯಿಯ ಇಂದಿನ ಬೆಲೆಯಲ್ಲಿ ಇದು ಸಣ್ಣ ಮಾತಲ್ಲ. ರಾತ್ರಿ ಮುದ್ದೆಗೆ ಬಡಿಸಿ ಮಿಕ್ಕ ಸಾರು ಮರುದಿನ ಅನ್ನಕ್ಕೆ ಇನ್ನಷ್ಟು ರುಚಿಯಾಗಿರುತ್ತದೆ.

ದೋಸೆ, ಇಡ್ಲಿಯ ಹಿಟ್ಟನ್ನು ಪೊಟ್ಟಣದಲ್ಲಿ ಕೊಳ್ಳುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ ನೆನೆಸಿ ರುಬ್ಬಿದ ಹಿಟ್ಟಿನಲ್ಲಿ ಮೊದಲ ದಿನ ಇಡ್ಲಿ, ಆಮೇಲೆ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು ಮಾಡಿಕೊಂಡರೆ ಚೂರೂ ವ್ಯರ್ಥವಾಗುವುದಿಲ್ಲ.

ಬೆಲೆ ಏರಿದ ತರಕಾರಿಯನ್ನು ಕೆಲವು ವಾರ ಬಿಟ್ಟುಬಿಡುವ ಸ್ವಾತಂತ್ರ್ಯ ಮನೆಯಡುಗೆಗೆ ಇದೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ನಮ್ಮ ಸಾರು ಹುಣಸೆಹುಳಿಯಲ್ಲಿಯೇ ನಡೆಯಿತು, ಅದರಿಂದ ಊಟಕ್ಕೇನೂ ಕೊರತೆಯಾಗಲಿಲ್ಲ.

ಸೂಪರ್ ಮಾರ್ಕೆಟ್ಟಿಗೆ ಹೋದಾಗ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲಿ ಮುದ್ರಿಸಿರುವ ಗ್ರಾಂ ಲೆಕ್ಕದ ಬೆಲೆಯನ್ನು ಓದಿ. ದೊಡ್ಡ ಪೊಟ್ಟಣವೇ ಅಗ್ಗವೆಂಬ ನಂಬಿಕೆ ಹಲವೆಡೆ ಸುಳ್ಳಾಗುತ್ತದೆ. ಒಂದು ಕೊಂಡರೆ ಒಂದು ಉಚಿತವೆಂಬ ಬಿಸ್ಕತ್ತು, ಸಾಸು, ನೂಡಲ್ಸುಗಳು ನಿಮ್ಮ ಪಟ್ಟಿಯಲ್ಲಿ ಇರದಿದ್ದರೆ ಅವುಗಳಿಂದ ಉಳಿಯುವುದು ಏನೂ ಇಲ್ಲ. ಹಾಲು, ಅಡುಗೆ ಎಣ್ಣೆಗಳಲ್ಲಿ ಮಾತ್ರ ಕಡಿಮೆ ಬೆಲೆಯದನ್ನು ಹುಡುಕಲು ಹೋಗಬೇಡಿ: ಹಾಲನ್ನು ಬೇಕಾದಷ್ಟೇ ಕೊಂಡು ಮಿಕ್ಕಿದ್ದಕ್ಕೆ ಹೆಪ್ಪು ಹಾಕಿ, ಎಣ್ಣೆಯನ್ನು ಸೀಸೆಯಿಂದ ನೇರವಾಗಿ ಬಗ್ಗಿಸದೆ ಚಮಚದಲ್ಲಿ ಅಳೆದು ಹಾಕಿ.